ಮಂಡಿಗಿಂತ ಮೂರು ಬೆರಳು ಕೆಳಗೆ

ಮಾರ್ಚ್ 3, ಸೋಮವಾರ

ಎರಡು ಶರ್ಟಿಗೆ ಕಾಲರ್ ತಿರುಗಿಸಿದ್ದಾಯಿತು. ಶಾಲೆಯ ಯೂನಿಫಾರ್ಮ್ ಇನ್ನೂ ಆರು ಬಾಕಿ. ಮೆಷಿನ್ನಿನ ಬಾಬಿನ್ ಮತ್ತೆ ಸಿಕ್ಕಿಕೊಂಡು ಅರ್ಧ ಗಂಟೆ ತಿಂದಿತು. ಮಧ್ಯಾಹ್ನ ತಂಗಿ ಪುಟ್ಟಿ ಬಂದಳು, ಕೆಲಸದ ಲ್ಯಾಬಿನಿಂದ ನೇರ. ಬೈಕನ್ನು ಅಂಗಡಿಯ ಬಾಗಿಲಿಗೇ ಅಡ್ಡ ನಿಲ್ಲಿಸಿದಳು. ಗಿರಾಕಿಗಳು ಹಾರಿಕೊಂಡು ಬರಬೇಕಾ ಎಂದು ಗದರಿದೆ. ಕೇಳಿಸಿಕೊಂಡರೆ ತಾನೆ.

“ಅಕ್ಕಾ, ಭಾನುವಾರ ರೈಡಿಂಗ್ ಪ್ಯಾಂಟ್ ತಗೊಳ್ಳೋಕೆ ಹೋಗ್ತಿದೀವಿ. ಜೀನ್ಸಲ್ಲಿ ಬಿದ್ರೆ ಬಟ್ಟೆ ಜೊತೆ ಚರ್ಮನೂ ಕಿತ್ಕೊಂಡು ಬರುತ್ತಂತೆ.”

“ಯಾರು ಹೇಳಿದ್ದು?”

“ಅಕ್ಕ.”

ನಾನು ಯಾವಾಗ ಹೇಳಿದೆ? ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಈ ಅಕ್ಕ ಎಂದರೆ ಇವರ ಬೈಕ್ ರೈಡಿಂಗ್ ಗುಂಪನ್ನು ನಡೆಸುವವಳು. ಗುಂಪಿನವರೆಲ್ಲ ಅವಳನ್ನು ಕ್ಯಾಪ್ಟನ್ ಅನ್ನುತ್ತಾರೆ. ಇವಳಿಗೆ ಮಾತ್ರ ಅವಳು ಅಕ್ಕ.

ಇಪ್ಪತ್ತಾರು ವರ್ಷದಿಂದ ಇವಳ ಬಾಯಲ್ಲಿ ಆ ಮಾತಿಗೆ ನಾನೊಬ್ಬಳೇ ಓಗೊಟ್ಟಿದ್ದು. ಹೊಟ್ಟೆ ಉರಿಯಿತು. ಬರೆದೇ ಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ.

ಮಾರ್ಚ್ 5

ಚಹಾ ಕುಡಿಯುವಾಗ ಮೆತ್ತಗೆ ಕೇಳಿದೆ. “ಆ ಪ್ಯಾಂಟು ನಾನೇ ಹೊಲಿದುಕೊಟ್ರೆ?”

ನಕ್ಕಳು. “ಅಕ್ಕಾ, ಇದು ಫ್ರಾಕ್ ಅಲ್ಲ ಕಣೇ. ಮಂಡಿಗೆ, ಸೊಂಟಕ್ಕೆ ಪ್ಯಾಡ್ ಇರುತ್ತೆ. ಹೊಲಿಗೆನೇ ಮೂರು ಮೂರು ಸಾಲು.”

ಫ್ರಾಕ್ ಅಂತೆ. ಇವಳ ಮೊದಲ ಫ್ರಾಕ್ ಹೊಲಿದಾಗ ನನಗೆ ಹದಿಮೂರು ವರ್ಷ. ಅಮ್ಮ ಹೋದ ಮೇಲೆ ಇವಳ ಮೈಮೇಲೆ ಬಂದ ಬಟ್ಟೆಯೆಲ್ಲ ಈ ಮೆಷಿನ್ನಿನಿಂದಲೇ ಬಂದದ್ದು. ಟೇಪ್ ಹಿಡಿಯದೆ ಇವಳ ಅಳತೆ ಹೇಳಬಲ್ಲೆ. ಆ ಕ್ಯಾಪ್ಟನ್ ಹೇಳಲಿ ನೋಡೋಣ.

ಮಾರ್ಚ್ 9, ಭಾನುವಾರ

ನಾನೂ ಹೋದೆ. ಕರೆದಿರಲಿಲ್ಲ. “ಬರ್ತೀನಿ” ಅಂದಾಗ ಬೇಡ ಅನ್ನಲಿಲ್ಲ, ಅಷ್ಟೇ.

ಗೋಡೆ ತುಂಬ ಹೆಲ್ಮೆಟ್ಟು, ಅಂಗಡಿಯ ನಡುವೆ ತೋರಿಸಲೆಂದೇ ನಿಲ್ಲಿಸಿದ ಬೈಕು. ಕ್ಯಾಪ್ಟನ್ ಆಗಲೇ ಬಂದಿದ್ದಳು. ನನ್ನದೇ ವಯಸ್ಸಿರಬೇಕು. ಗಂಡಸರ ಹಾಗೆ ಕತ್ತರಿಸಿದ ಕೂದಲು, ಅದೂ ಒಪ್ಪುತ್ತದೆ ಬೇರೆ. ನಮಸ್ಕಾರ ಮಾಡಿದಳು. ಸೊಕ್ಕಿನವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು!

ಪುಟ್ಟಿ ಕಪ್ಪು ಲೆದರ್ ಪ್ಯಾಂಟಿಗೆ ಕೈಹಾಕಿದಳು. “ಬಿಸಿಲಲ್ಲಿ ಬೆಂದು ಹೋಗ್ತೀಯ” ಎಂದಳು ಕ್ಯಾಪ್ಟನ್. ಗಾಳಿಯಾಡುವ ಜಾಲರಿ ಬಟ್ಟೆಯದನ್ನು ಎತ್ತಿಕೊಂಡರೆ, ಬಟ್ಟೆಯನ್ನು ಉಗುರಿನಿಂದ ಕೆರೆದು, “ಕೂರೋ ಕಡೆ, ಮಂಡಿ ಕಡೆ ದಪ್ಪ ಬಟ್ಟೆ ಇರ್ಬೇಕು, ಇದರಲ್ಲಿಲ್ಲ” ಎಂದು ವಾಪಸ್ ಇಟ್ಟಳು. ಒಪ್ಪಿಕೊಳ್ಳಬೇಕು, ಬಟ್ಟೆ ನೋಡುವ ಕೈ ಅದು. ನನಗೆ ಅದನ್ನೇ ಸಹಿಸಲಾಗಲಿಲ್ಲ. ನಾಲ್ಕನೆಯದು ಹಿಡಿಸಿತು. ಬೂದು ಬಣ್ಣ. ಪುಟ್ಟಿ ಟ್ರಯಲ್ ರೂಮಿನಿಂದ ಬಂದವಳು ಕನ್ನಡಿ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

“ಅಕ್ಕಾ, ಹೇಗಿದೆ?”

ನಾನೂ ಬಾಯಿ ತೆರೆದೆ. ಅವಳೂ ತೆರೆದಳು. ಪುಟ್ಟಿ ತಿರುಗಿದ್ದು ಅವಳ ಕಡೆ.

ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತೆ. ಗಾಜಿನಾಚೆ ಅದೇ ಬೈಕಿನ ಮೇಲೆ ಇವಳನ್ನು ಕೂರಿಸಿ, ಕ್ಯಾಪ್ಟನ್ ಮಂಡಿಯೂರಿ ಇವಳ ಕಾಲನ್ನು ಅತ್ತಿತ್ತ ಮಡಚುತ್ತಿದ್ದಳು. ಫೋಟೋಗೆ ಇರಬೇಕು. ನಾನು ಬಸ್ ಹತ್ತಿದೆ.

ಮಾರ್ಚ್ 10

ಒಳಗಡೆ ಫೋನಿಗೊಂದು ಜೇಬು ಹೊಲಿಯಲು ಪುಟ್ಟಿ ಹೊಸ ಪ್ಯಾಂಟನ್ನು ಕೊಟ್ಟು ಹೋದಳು. “ಬೇರೆ ಏನೂ ಮುಟ್ಬೇಡ, ಅಕ್ಕ ಹೇಳಿದಾರೆ.”

ಹೇಳಿದಾರಂತೆ. ನನಗೆ!

ಪ್ಯಾಂಟನ್ನು ಸೊಂಟಕ್ಕೆ ಆನಿಸಿ ಹಿಡಿದು, ಕನ್ನಡಿ ಮುಂದೆ ನಿಂತು ನೋಡಿದೆ. ಪುಟ್ಟಿಯದೂ ನನ್ನದೂ ಒಂದೇ ಎತ್ತರ. ಆಗ ಕಂಡಿತು. ಮಂಡಿಯ ಪ್ಯಾಡ್ ಮಂಡಿಯ ಮೇಲೇ ಇಲ್ಲ! ಪೂರ್ತಿ ಮೂರು ಬೆರಳು ಕೆಳಗೆ, ಕಣಕಾಲಿನ ಕಡೆಗೆ ನೇತುಬಿದ್ದಿದೆ. ಇಷ್ಟು ದೊಡ್ಡ ತಪ್ಪು ಆ ಮಹಾತಾಯಿಯ ಕಣ್ಣಿಗೆ ಬೀಳಲಿಲ್ಲ. ಒಬ್ಬಳೇ ಗಟ್ಟಿಯಾಗಿ ನಕ್ಕೆ. ಎಷ್ಟು ದಿನವಾಗಿತ್ತು ಹಾಗೆ ನಕ್ಕು.

ಪ್ಯಾಡಿನ ಒಳಜೇಬು ಪೂರ್ತಿ ಬಿಚ್ಚಿ, ಮೇಲೇರಿಸಿ, ಮಂಡಿಯ ನೇರಕ್ಕೆ ಕೂರಿಸಿ ಹೊಲಿದೆ. ದಪ್ಪ ಬಟ್ಟೆ. ಎರಡು ಸೂಜಿ ಮುರಿದವು. ಮುರಿಯಲಿ.

ಮಾರ್ಚ್ 11

ಪುಟ್ಟಿ ಹಾಕಿಕೊಂಡು ನಿಂತಳು. ಪ್ಯಾಡ್ ಮಂಡಿಗೆ ಅಳೆದು ಇಟ್ಟಂತೆ ಕೂತಿದೆ. ಏನು ಮಾಡಿದೆ, ಯಾಕೆ ಮಾಡಿದೆ ಎಲ್ಲ ಹೇಳಿದೆ. ಮುರಿದ ಸೂಜಿಗಳನ್ನೂ ತೋರಿಸಿದೆ.

“ನಿಮ್ಮ ಕ್ಯಾಪ್ಟನ್‌ಗೆ ಹೇಳು, ಇದು ಟೈಲರ್ ಕೆಲಸ ಅಂತ.”

ಏನೋ ಹೇಳಹೊರಟಳು. ಕೊನೆಗೆ, “ಥ್ಯಾಂಕ್ಸ್ ಅಕ್ಕಾ” ಎಂದು ಅಪ್ಪಿಕೊಂಡಳು. ಇವತ್ತು ಬೇರೆ ಬರೆಯುವುದೇನೂ ಇಲ್ಲ.

ಮಾರ್ಚ್ 20, ಗುರುವಾರ

ಒಂಬತ್ತು ದಿನ ಪುಸ್ತಕ ಮುಟ್ಟಿರಲಿಲ್ಲ. ಖುಷಿಯಾಗಿದ್ದರೆ ಬರೆಯುವ ಚಟವೇ ಇರುವುದಿಲ್ಲ ನೋಡು.

ಪುಟ್ಟಿ ಬಂದಿದ್ದಳು. ಪ್ಯಾಂಟ್ ಹೇಗಿದೆ ಎಂದೆ. “ಚೆನ್ನಾಗಿದೆ” ಎಂದಳು, ಕಣ್ಣು ಮಾತ್ರ ಇಸ್ತ್ರಿಪೆಟ್ಟಿಗೆಯ ಮೇಲೆ. ಭಾನುವಾರ ದೂರದ ರೈಡ್ ಅಂತೆ, ಘಾಟಿ ರಸ್ತೆ. ಒಂದು ಚೀಲ ಕೊಟ್ಟಳು. “ಇದು ಅಕ್ಕನ ಪ್ಯಾಂಟು. ಜಿಪ್ ಸರಿಮಾಡಬೇಕಂತೆ. ನಿಧಾನವಾಗಿ ನೋಡು, ಅವರ ಹತ್ರ ಇನ್ನೊಂದಿದೆ.”

ಈಗ ಅವಳ ಬಟ್ಟೆಗೂ ನಾನೇ ಆಗಬೇಕು. ಚೀಲವನ್ನು ಮೂಲೆಗೆ ತಳ್ಳಿದೆ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 9:40

ಆರು ಗಂಟೆಗೇ ಹೊರಟರಂತೆ. ಅಂಗಡಿಗೆ ರಜ. ಬೇಜಾರಿಗೆ ಚೀಲ ಬಿಚ್ಚಿದೆ. ಜಿಪ್ ಎಲ್ಲಿ ಹಾಳಾಗಿದೆ? ಎಳೆದರೆ ಸರಾಗ ಬಂತು. ಮತ್ತೆ ಎಳೆದೆ. ಏನೂ ಆಗಿಲ್ಲ. ಎಡಮಂಡಿಯ ಹತ್ತಿರ ಬಟ್ಟೆ ಉಜ್ಜಿ ಉಜ್ಜಿ ಬೆಳ್ಳಗಾಗಿದೆ. ಎಂದೋ ಬಿದ್ದಿರಬೇಕು.

ಹಾಕಿಕೊಂಡು ನೋಡಿದೆ. ನಾಚಿಕೆಗೆಟ್ಟ ಕೆಲಸವೇ. ಅವಳ ಸೊಂಟ ನನ್ನದಕ್ಕಿಂತ ಸಣ್ಣದೋ ಏನೋ ಎಂದು ತಿಳಿಯಬೇಕಿತ್ತು. ಸರಿಯಾಗಿ ಆಯಿತು. ಕನ್ನಡಿಯಲ್ಲಿ ನೋಡಿದರೆ ಅವಳದೂ ಹಾಗೇ. ಪ್ಯಾಡ್ ಮೂರು ಬೆರಳು ಕೆಳಗೆ. ಇಷ್ಟು ವರ್ಷ ಓಡಿಸಿದವಳು ತನ್ನ ಪ್ಯಾಂಟನ್ನೇ ನೋಡಿಕೊಂಡಿಲ್ಲ ಎಂದು ನಗು ಬಂತು.

ಬಿಚ್ಚಲೆಂದು ಮೆಷಿನ್ ಸ್ಟೂಲಿನ ಮೇಲೆ ಕೂತೆ. ಕಾಲು ಮಡಚಿದೆ. ಬಟ್ಟೆ ಮೇಲೆ ಸರಿಯಿತು. ಪ್ಯಾಡ್ ಬಂದು ಮಂಡಿಚಿಪ್ಪಿನ ಮೇಲೆ ಕೂತಿತು, ಬಟ್ಟಲು ಕವುಚಿದ ಹಾಗೆ. ಬೆಳ್ಳಗೆ ಉಜ್ಜಿಹೋದ ಜಾಗ ಸರಿಯಾಗಿ ಅಲ್ಲೇ ಇತ್ತು.

ಎದ್ದೆ. ಕೆಳಗಿಳಿಯಿತು. ಕೂತೆ. ಮೇಲೆ ಬಂತು.

ಬೈಕಿನ ಮೇಲೆ ಯಾರೂ ನಿಂತಿರುವುದಿಲ್ಲ. ಎರಡು ದಶಕ ಹೊಲಿದಿದ್ದೇನೆ, ಅಳತೆ ತೆಗೆದದ್ದೆಲ್ಲ ನಿಂತವರದು. ಪುಟ್ಟಿಯ ಪ್ಯಾಡ್ ಈಗ ತೊಡೆಯ ಮೇಲಿರುತ್ತದೆ. ಮಂಡಿಗೆ ಬರೀ ಬಟ್ಟೆ. ಘಾಟಿಯಲ್ಲಿ.

9:55

ಪುಟ್ಟಿ ಫೋನ್ ತೆಗೆಯುತ್ತಿಲ್ಲ. ಎಂಟು ಸಲ ಮಾಡಿದೆ. ಓಡಿಸುವಾಗ ಹೇಗೆ ತೆಗೆದಾಳು.

ಚೀಲಕ್ಕೆ ಪಿನ್ ಚುಚ್ಚಿದ ಚೀಟಿ ಇದೆ. ಪುಟ್ಟಿಯ ಅಕ್ಷರ. “ಅಕ್ಕ”, ಕೆಳಗೆ ನಂಬರ್. ಆ ಎರಡಕ್ಷರ ನೋಡುತ್ತಾ ಕೂತಿದ್ದೇನೆ. ಅವಳಿಗೆ ಫೋನ್ ಮಾಡಿ, ನಾನೇ ಕೆಡಿಸಿದೆ ಅನ್ನಬೇಕು. ಅವಳ ಮುಂದೆ. ಕೈ ಬರುತ್ತಿಲ್ಲ...

10:05

ಹತ್ತು ನಿಮಿಷ ಹಾಗೇ ಕೂತಿದ್ದೆ. ತಂಗಿಯ ಕಾಲಿಗಿಂತ ನನ್ನ ಮುಖ ದೊಡ್ಡದಾಯಿತು. ಇದನ್ನು ಬರೆದಿಡುತ್ತೇನೆ, ಮರೆಯಬಾರದು. ಈಗ ಮಾಡುತ್ತೇನೆ.

10:30

ಕ್ಯಾಪ್ಟನ್ ತೆಗೆದಳು. ಗಾಳಿಯ ಸದ್ದು. ಎಲ್ಲೋ ಚಹಾಕ್ಕೆ ನಿಂತಿದ್ದರಂತೆ. ಎಲ್ಲ ಒಂದೇ ಉಸಿರಿಗೆ ಹೇಳಿದೆ.

“ಗೊತ್ತು” ಎಂದಳು. “ಹೋದ ವಾರನೇ ನೋಡಿದ್ವಿ, ಕೂತ್ರೆ ತೊಡೆಗೆ ಬರ್ತಿತ್ತು. ಬಿಚ್ಚಿಸು ಅಂದೆ. ನಿಮ್ಮ ತಂಗಿ ಕೇಳ್ಲೇ ಇಲ್ಲ. ನಮ್ಮಕ್ಕ ಎರಡು ಸೂಜಿ ಮುರ್ಕೊಂಡು ಹೊಲಿದಿದಾಳೆ, ಬೇರೆ ಯಾರೂ ಅದನ್ನ ಮುಟ್ಟೋ ಹಾಗಿಲ್ಲ ಅಂದ್ಲು. ನನ್ನ ಮೇಲೆ ಸಿಟ್ಟೂ ಮಾಡ್ಕೊಂಡ್ಲು.”

“ಈಗ ಮಂಡಿಗೇನಿದೆ?” ಎಂದೆ.

“ಹೆದರ್ಬೇಡಿ, ಹೊರಗಿಂದ ಕಟ್ಟೋ ಗಾರ್ಡ್ ಹಾಕಿಸಿದೀನಿ. ಜಾರುತ್ತೆ, ಅದಕ್ಕೆ ನಿಧಾನ ಹೋಗ್ತಿದೀವಿ. ನನ್ನ ಪ್ಯಾಂಟು ಹಾಕಿ ನೋಡಿದ್ರಾ?”

“ಜಿಪ್...”

“ಜಿಪ್‌ಗೇನಾಗಿಲ್ಲ. ಕಣ್ಣಾರೆ ಕಂಡ್ರೆ ಅಕ್ಕನೇ ಸರಿಮಾಡ್ತಾಳೆ, ಹೇಳಿದ್ರೆ ನೊಂದ್ಕೋತಾಳೆ ಅಂತ ಅವಳೇ ಕಳಿಸಿದ್ದು.”

ಅತ್ತುಬಿಟ್ಟೆ. ಆಮೇಲೆ, ಇಬ್ಬರೂ ಸೇರಿ ನನ್ನ ಬಗ್ಗೆ ಇಷ್ಟೆಲ್ಲ ಮಾತಾಡಿಕೊಂಡಿದ್ದಾರಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು. ನನ್ನ ಬುದ್ಧಿಯೇ ಇಷ್ಟು.

ಸಂಜೆ 4:50

ದಪ್ಪ ಸೂಜಿ ಹಾಕಿಟ್ಟಿದ್ದೇನೆ. ಬೂದು ದಾರ, ಚಾಕ್, ಟೇಪ್. ಸ್ಟೂಲನ್ನು ಬೆಳಕಿಗೆ ಎಳೆದಿದ್ದೇನೆ. ಈ ಸಲ ಕೂರಿಸಿಯೇ ಅಳತೆ.

ಬೈಕ್ ಸದ್ದು. ಒಂದಲ್ಲ, ಎರಡು. ಅವಳನ್ನೂ ಕರೆತಂದಿದ್ದಾಳೆ.

ಬಾಗಿಲಿಗೇ ಅಡ್ಡ ನಿಲ್ಲಿಸಿದರು, ಇಬ್ಬರೂ. ಬರಲಿ. ಚಹಾಕ್ಕೆ ಮೂರು ಲೋಟ ನೀರಿಡಬೇಕು. ಪುಟ್ಟಿ ಹೊರಗಿನಿಂದಲೇ “ಅಕ್ಕಾ” ಎಂದು ಕೂಗುತ್ತಿದ್ದಾಳೆ. ಕ್ಯಾಪ್ಟನ್ ಪಕ್ಕದಲ್ಲೇ ನಿಂತಿದ್ದಾಳೆ, ಹಾಗಾದರೆ ಈ ಕೂಗು ನನಗೇ.