ನಕ್ಷೆಯಲ್ಲಿಲ್ಲದ ದಾರಿ

ಫೆಬ್ರವರಿ ೪, ಬೆಳಿಗ್ಗೆ

ಅಕ್ಕ ಈಗಷ್ಟೇ ಹೋದಳು. ಪೇಪರನ್ನು ಎಂದಿನಂತೆ ಹಿಂದುಮುಂದಾಗಿ ಮಡಿಸಿಟ್ಟಿದ್ದಾಳೆ. ಸಂಪಾದಕೀಯ ಓದಿ ನಾನು ಬೈಯುವುದು, ಬೈಗುಳ ಕೇಳಿ ಅವಳು ನಗುವುದು — ದಿನದ ಕಾರ್ಯಕ್ರಮ. ಅವಳು ನಕ್ಕರೆ ಕಿಟಕಿಯ ಗಾಜು ನಡುಗುತ್ತದೆ. ಶಾಲೆಯ ಮೈದಾನದಲ್ಲಿ ಮೈಕಿಲ್ಲದೆ ಡ್ರಿಲ್ ಮಾಡಿಸಿದ ಗಂಟಲು, ನಿವೃತ್ತಿಯಾದರೂ ಇಳಿದಿಲ್ಲ.

ಇರುವುದು ಹಿಂದಿನ ಬೀದಿಯಲ್ಲಿ, ಮಗಳ ಮನೆಯಲ್ಲಿ. ಅಳಿಯ ಆಸ್ಪತ್ರೆಯಲ್ಲಿ ನರ್ಸ್. ಸದಾ ರಾತ್ರಿ ಪಾಳಿ, ಹಗಲು ನಿದ್ದೆ. ‘ಆ ಮನೇಲಿ ಕುಕ್ಕರ್ ಕೂಡ ಕೇಳ್ಕೊಂಡೇ ಕೂಗ್ಬೇಕು ಕಣೋ’ ಎನ್ನುತ್ತಾಳೆ. ಆದ್ದರಿಂದ ಮಾತೆಲ್ಲ ನಮ್ಮ ಮನೆಯಲ್ಲಿ. ಎರಡೂ ಬೀದಿಗಳ ನಡುವೆ, ಕಾಂಪೌಂಡುಗಳ ಸಂದಿಯಲ್ಲಿ ಒಂದು ಓಣಿ. ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾವು.

ಆ ಓಣಿಯಲ್ಲೇ ಈಗ ಬೈಕುಗಳ ಹಾವಳಿ. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸುವ ಡೆಲಿವರಿ ವೀರರು. ಬಡಾವಣೆ ಹುಟ್ಟಿದಾಗ ಬಾಗಿಲಲ್ಲಿದ್ದ ಬೋರ್ಡು ನನಗೆ ಚೆನ್ನಾಗಿ ನೆನಪಿದೆ: ಕುಟುಂಬಗಳಿಗಾಗಿ, ಮಕ್ಕಳಿಗಾಗಿ. ಬೋರ್ಡು ಹೋಯಿತು. ಮಾತೂ ಹೋಗಬೇಕೆ?

ಫೆಬ್ರವರಿ ೯, ಸಂಜೆ

ಎದುರುಮನೆಯ ಪುಟ್ಟಿ ತ್ರಿಚಕ್ರದ ಸೈಕಲ್ ತುಳಿಯುತ್ತಿದ್ದಳು. ಓಣಿಯಿಂದ ಒಂದು ಬೈಕು — ಹಾರ್ನ್ ಇಲ್ಲ, ಏನಿಲ್ಲ. ಸೈಕಲ್‌ನ ಹಿಂದಿನ ಚಕ್ರ ನೆಗ್ಗಿತು. ಮಗುವಿಗೆ ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಒಂದು ಗೇಣು ಆಚೀಚೆ ಆಗಿದ್ದರೆ... ತಾಯಿ ಬ್ಯಾಂಕಿನಲ್ಲಿ ಕೆಲಸ ಮಾಡುವಾಕೆ, ಯಾವಾಗಲೂ ಇಸ್ತ್ರಿ ಮಾಡಿದ ಹಾಗಿರುವಾಕೆ, ರಸ್ತೆಯ ಮೇಲೇ ಕುಕ್ಕರಿಸಿ ಮಗುವನ್ನು ತಬ್ಬಿಕೊಂಡು ಅತ್ತಳು.

ಇನ್ನು ಸುಮ್ಮನಿರಲಾರೆ. ಓಣಿಯ ಬಾಯಿಗೆ ಕಬ್ಬಿಣದ ಎರಡು ಕಂಬ ಹಾಕಿದರೆ ಸಾಕು. ಮನುಷ್ಯರು ನುಸುಳುತ್ತಾರೆ, ಬೈಕು ನುಸುಳಲಾರದು. ಇಷ್ಟು ಹೊಳೆಯಲು ಇಂಜಿನಿಯರ್ ಬೇಕೆ?

ಫೆಬ್ರವರಿ ೧೬

ನಿವಾಸಿಗಳ ಸಂಘದ ಸಭೆ. ಅಧ್ಯಕ್ಷರು ದಂತವೈದ್ಯರು. ಬಾಯಿ ಬಿಡಿಸುವುದರಲ್ಲಿ ನಿಪುಣರು, ನಿರ್ಧಾರ ಮಾಡುವುದರಲ್ಲಿ ಅಲ್ಲ. ‘ಕಂಬ ಹಾಕ್ಬೋದು ಸಾರ್. ಆದ್ರೆ ಸಾರ್ವಜನಿಕ ದಾರಿಗೆ ಅಡ್ಡ ಹಾಕಿದ್ರಿ ಅಂತ ಹಿಂದಿನ ಬೀದಿಯವರು ಜಗಳಕ್ಕೆ ಬಂದ್ರೆ?’

ಈ ಪ್ರಶ್ನೆಗೇ ಕಾದಿದ್ದೆ. ಕಾನೂನು ಕಾಲೇಜಿನ ಲೈಬ್ರರಿಯಲ್ಲಿ ತಲೆ ನರೆಸಿದವನು ನಾನು. ಬಡಾವಣೆಯ ಮೂಲ ನಕ್ಷೆಯನ್ನು ಮೇಜಿನ ಮೇಲೆ ಹರವಿದೆ. ಅದು ದಾರಿಯೇ ಅಲ್ಲ! ಚರಂಡಿ ಶುಚಿ ಮಾಡಲು ಬಿಟ್ಟ ಜಾಗ. ಜನ ಅಭ್ಯಾಸದ ಮೇಲೆ ನಡೆದರು, ಅಷ್ಟೆ. ಅಭ್ಯಾಸ ಹಕ್ಕಾಗುವುದಿಲ್ಲ ಎಂಬುದನ್ನು ಬಿಡಿಬಿಡಿಯಾಗಿ ಬಿಡಿಸಿಟ್ಟೆ. ಚಪ್ಪಾಳೆ ಬಿತ್ತು. ನನ್ನ ಮಾತಿಗೆ ಯಾರಾದರೂ ಚಪ್ಪಾಳೆ ತಟ್ಟಿ ಎಷ್ಟು ಕಾಲವಾಗಿತ್ತು.

ಫೆಬ್ರವರಿ ೧೭

ಅಕ್ಕನಿಗೆ ಸಭೆಯ ಕಥೆ ಅಭಿನಯ ಸಮೇತ ಹೇಳಿದೆ. ಎಲ್ಲ ಕೇಳಿ, ‘ಎರಡು ಕಂಬಕ್ಕೆ ಇಷ್ಟು ದೊಡ್ಡ ಫಿರಂಗಿ ಯಾಕೋ ಪಂಡಿತ?’ ಎಂದಳು. ಮೆಚ್ಚುಗೆಯೆಂದೇ ತಿಳಿದೆ.

ಮಾರ್ಚ್ ೧

ನಾದಿನಿಯ ಮನೆಯಿಂದ ಹೆಂಡತಿಯೂ ನಾನೂ ಇವತ್ತು ವಾಪಸ್. ಬ್ಯಾಗು ಇಳಿಸುವ ಮೊದಲೇ ಕಂಡಿತು — ಗೋಡೆ. ಓಣಿಯ ಬಾಯಿಗೆ ಆಳೆತ್ತರದ ಇಟ್ಟಿಗೆ ಗೋಡೆ. ಗಾರೆ ಇನ್ನೂ ಹಸಿ.

ದಂತವೈದ್ಯರ ಕ್ಲಿನಿಕ್‌ಗೆ ನೇರ ನುಗ್ಗಿದೆ. ಕೈಗವಸು ಕೂಡ ಬಿಚ್ಚದೆ ನಕ್ಕರು. ‘ದಾರಿನೇ ಅಲ್ಲ ಅಂದ್ಮೇಲೆ ಕಂಬ ಯಾಕೆ ಸಾರ್? ಹಿಂದಿನ ಬೀದಿಯವರು ಬಂದಿದ್ರು. ನಿಮ್ಮ ನಕ್ಷೆ ತೋರಿಸ್ದೆ. ತೆಪ್ಪಗೆ ಹೋದ್ರು. ಈ ಕ್ರೆಡಿಟ್ ಪೂರ್ತಿ ನಿಮ್ದೇ.’

ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದ ಮನುಷ್ಯ ಹೆಬ್ಬೆರಳು ಎತ್ತಿ ತೋರಿಸಿದ. ನಮ್ಮ ಬೀದಿಯವನೇ.

ಮಾರ್ಚ್ ೩

ಅಕ್ಕ ಬಂದಳು. ಮುಖ್ಯರಸ್ತೆ ಸುತ್ತಿ, ಎರಡು ಕಡೆ ದಾಟಿ. ಅವಳ ಮಂಡಿಗೆ ಅದು ಆಗುವ ಮಾತಲ್ಲ. ಸೋಫಾದಲ್ಲಿ ಕುಸಿದಳು. ಇವಳು ನೀರು ಕೊಟ್ಟಳು. ನಾನು ಪೇಪರು ಕೊಟ್ಟೆ. ಮುಟ್ಟಲಿಲ್ಲ.

‘ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ರಂತೆ,’ ಎಂದಳು ಕೊನೆಗೆ. ‘ಇಲ್ಲಿ ನೆಗಡಿ ನಿಮ್ಮ ಬೀದಿಗೆ. ಮೂಗು ನಂದು.’

ಇವಳು ನಕ್ಕಳು. ಅಕ್ಕನೂ ನಕ್ಕಳು. ನನಗೆ ಆಗಲಿಲ್ಲ.

ಮಾರ್ಚ್ ೧೨, ಮಧ್ಯಾಹ್ನ

ಅವಳು ಬರಲಾರದಿದ್ದರೇನು, ನಾನು ಹೋಗಬಲ್ಲೆ. ಪೇಪರು ಕಂಕುಳಲ್ಲಿಟ್ಟು ಹೋದೆ. ಅಕ್ಕನ ಮಗಳು ಬಾಗಿಲು ತೆರೆದಳು, ತುಟಿಯ ಮೇಲೆ ಬೆರಳು. ‘ಈಗಷ್ಟೇ ಮಲಗಿದಾರೆ ಮಾಮ.’

ಅಕ್ಕನ ಕೋಣೆ. ಒಂದು ಮಂಚ, ಒಂದು ಕುರ್ಚಿ. ಗೋಡೆಯಾಚೆ, ಅದಕ್ಕೇ ಒತ್ತಿಕೊಂಡು ಅಳಿಯನ ಮಂಚ. ಸಂಪಾದಕೀಯವನ್ನು ಪಿಸುಮಾತಿನಲ್ಲಿ ಬೈಯುವುದು ಸಾಧ್ಯವಿಲ್ಲ — ಪ್ರಯತ್ನಿಸಿ ನೋಡಿದೆ. ಚಾಡಿ ಹೇಳಿದ ಹಾಗಾಗುತ್ತದೆ. ಒಂದು ಸಲ ಅವಳಿಗೆ ನಗು ಉಕ್ಕಿತು. ತಕ್ಷಣ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭುಜ ಕುಲುಕಿತು, ಸದ್ದು ಬರಲಿಲ್ಲ. ನೋಡಲಾಗಲಿಲ್ಲ.

ಆದರೂ ಅಳಿಯ ಎದ್ದು ಬಂದ. ಕಣ್ಣು ಕೆಂಪಗೆ. ‘ಮಾತಾಡಿ ಮಾಮ, ಪರ್ವಾಗಿಲ್ಲ’ ಎಂದ. ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಬೇಗ ಎದ್ದು ಬಂದುಬಿಟ್ಟೆ.

ಮಾರ್ಚ್ ೨೩

ಸಭೆಯಲ್ಲಿ ಎದ್ದು ನಿಂತೆ. ಗೋಡೆ ಒಡೆಯಿರಿ, ಕಂಬ ಹಾಕಿ. ಜನ ಹಿಂದಿನಿಂದಲೂ ನಡೆದ ಜಾಗ, ನಡೆದದ್ದೇ ದಾರಿ — ಎಂದೆ. ದಂತವೈದ್ಯರು ಮರ್ಯಾದೆಯಿಂದಲೇ ಕೇಳಿದರು: ‘ಅಭ್ಯಾಸ ಹಕ್ಕಾಗಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್? ಆವತ್ತು ಸುಳ್ಳು ಹೇಳಿದ್ರಾ, ಇವತ್ತಾ?’

ಯಾರೋ ನಕ್ಕರು. ಉತ್ತರಕ್ಕೆ ನನ್ನ ಓದನ್ನೆಲ್ಲ ತಡಕಿದೆ. ನನ್ನ ವಾದಕ್ಕೆ ಎದುರು ವಾದ ನನ್ನಲ್ಲೇ ಇಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ. ಕಂಬಗಳಷ್ಟೇ ಸಾಕು, ಎಲ್ಲರಿಗೂ ಬೇಕು ಎಂದು ಸುಮ್ಮನೆ ಕೇಳಿಕೊಂಡಿದ್ದರೆ... ಕೇಳಿಕೊಳ್ಳುವುದು ನನ್ನ ಜಾಯಮಾನವಲ್ಲ. ಗೆಲ್ಲಬೇಕಿತ್ತು.

ಹೊರಗೆ ಬಂದಾಗ ಎದುರುಮನೆಯ ಬ್ಯಾಂಕಿನಾಕೆ ಹಿಂದೆಯೇ ಬಂದಳು. ‘ಅಂಕಲ್, ಗೋಡೆ ತೆಗೆಸ್ಬೇಡಿ. ಈಗ ಮಗೂನ ಹೊರಗೆ ಬಿಟ್ಟು ನಿಶ್ಚಿಂತೆಯಾಗಿ ಅಡಿಗೆ ಮಾಡ್ತೀನಿ.’ ಬೀದಿ ತುಂಬ ಮಕ್ಕಳು. ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಸೂರ್ಯ, ಮೀನು, ಮೂರು ಕಾಲಿನ ಕುದುರೆ. ನಾನು ಕೇಳಿದ್ದ ಬೀದಿ ಇದೇ.

ಏಪ್ರಿಲ್ ೨

ದಿನಾ ಆಟೋ ಕಳಿಸುತ್ತೇನೆ ಎಂದೆ ಫೋನಿನಲ್ಲಿ. ಒಪ್ಪಲಿಲ್ಲ.

‘ಉಟ್ಟ ಸೀರೇಲಿ, ಚಪ್ಪಲಿ ಮೆಟ್ಟಿ ಹಾಗೇ ಬಂದುಬಿಡ್ತಿದ್ದೆ ಕಣೋ. ಸೀರೆ ಬದಲಾಯಿಸ್ಕೊಂಡು, ಆಟೋ ಕಾದ್ಕೊಂಡು ಬರೋದು ಅಂದ್ರೆ ಅದು ನೆಂಟರ ಮನೆ. ನಿನ್ನ ಮನೆಗೆ ನಾನು ನೆಂಟಳಾಗಿ ಬರ್ಲಾ?’

‘ನೀನು ಹೇಗೆ ಬಂದ್ರೂ ಸರಿ ಅಕ್ಕ.’

‘ನಂಗೆ ಸರಿಯಿಲ್ಲ.’

ಹಟ. ನಮ್ಮಿಬ್ಬರದೂ ಒಂದೇ ಬಸಿರಿನ ಹಟ.

ಏಪ್ರಿಲ್ ೧೯

ಇವಳು ಪೇಪರು ತೆಗೆದುಕೊಂಡು ಎದುರಿಗೆ ಕೂತಳು, ಪಾಪ. ‘ಬೈರಿ, ಕೇಳ್ತೀನಿ’ ಎಂದಳು. ಎರಡು ವಾಕ್ಯ ಬೈದೆ. ‘ನಿಮ್ಮ ಅಕ್ಕನ ಹಾಗೆ ನಗೋಕೆ ನಂಗೆ ಬರಲ್ಲ’ ಎಂದು ಎದ್ದು ಒಳಗೆ ಹೋದಳು. ತಿರುಗಿ ನೋಡದೆ ಸೇರಿಸಿದಳು: ‘ಅವರು ಇಲ್ಲಿಗೆ ಬರ್ತಿದ್ದದ್ದು ನಿಮ್ಮ ಪಾಂಡಿತ್ಯ ಕೇಳೋಕಲ್ಲ. ಬಾಯಿಬಿಟ್ಟು ನಗೋಕೆ.’

ಗೊತ್ತು. ಈಗ ಗೊತ್ತು.

ಜೂನ್ ೨೧, ಸಂಜೆ

ಎರಡು ತಿಂಗಳಾಯಿತು ಇಲ್ಲಿ ಬರೆದು. ಬರೆಯಲು ಏನೂ ಇರಲಿಲ್ಲ. ವಾರಕ್ಕೊಮ್ಮೆ ಹೋಗುತ್ತೇನೆ, ಅರ್ಧ ಗಂಟೆ ಪಿಸುಗುಟ್ಟಿ ಬರುತ್ತೇನೆ. ಹೋದವಾರ ಹೋಗಿರಲಿಲ್ಲ.

ಇವತ್ತು ಫೋನ್ ಮಾಡಿದೆ. ಅಳಿಯ, ಮಗಳು ಮದುವೆಯೊಂದಕ್ಕೆ ಪರ ಊರಿಗೆ ಹೋಗಿದ್ದಾರಂತೆ. ಮನೆಯಲ್ಲಿ ಅವಳೊಬ್ಬಳೇ. ಖುಷಿಯಾಯಿತು. ಸಂಪಾದಕೀಯ ಓದಿದೆ, ಎಂದಿನಂತೆ ಉಗಿದೆ. ಆ ಕಡೆಯಿಂದ ಏನೋ ಹೇಳಿದಳು. ಕೇಳಿಸಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೆ. ನೆಟ್‌ವರ್ಕ್ ಇರಬೇಕೆಂದು ಅಂಗಳಕ್ಕೆ ಬಂದೆ.

‘ಜೋರಾಗಿ ಮಾತಾಡೇ ಅಕ್ಕ. ಮನೇಲಿ ಯಾರೂ ಇಲ್ವಲ್ಲ.’

ಉಸಿರಿಗಿಂತ ತುಸು ದೊಡ್ಡದಾಗಿ ಅವಳ ದನಿ:

‘ಜೋರಾಗೇ ಮಾತಾಡ್ತಿದೀನಲ್ಲೋ.’