ನಾನು ಬೇಡವೆಂದ ಲಾರಿಗಳು

ಆಗಸ್ಟ್ 7, ಗುರುವಾರ

ಆ ಚಪ್ಪಾಳೆ ಇನ್ನೂ ಕಿವಿಯಲ್ಲೇ ಇದೆ.

ಸಣ್ಣ ಉದ್ದಿಮೆಗಳಿಗೆ ಬಂಡವಾಳ ಹಾಕುವ ನಮ್ಮ ಕಂಪನಿಯಲ್ಲಿ ತ್ರೈಮಾಸಿಕ ಫಲಿತಾಂಶ ಓದುವಾಗ ಉದ್ದಿಮೆಗಳ ಹೆಸರು ಹೇಳುತ್ತಾರೆ, ಹುಡುಕಿ ತಂದವರ ಹೆಸರನ್ನಲ್ಲ. ಇಷ್ಟು ವರ್ಷ ನನ್ನ ಹೆಸರು ಬಾರದ್ದಕ್ಕೆ ಅದೇ ಸಮಾಧಾನವಾಗಿತ್ತು. ಇವತ್ತು ಎಂ.ಡಿ. ಓದುವುದನ್ನು ನಿಲ್ಲಿಸಿ, ನನ್ನ ಪಕ್ಕದ ಮೇಜಿನ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು. "ಈ ಸಲ ಲಾಭ ಏರಿದ್ದೇ ಇವರ ಫ್ರೀಜರ್ ಲಾರಿ ಕಂಪನಿಯಿಂದ."

ಇವರದಂತೆ! ಆ ಲಾರಿಯವನು ಮೊದಲು ಬಂದದ್ದು ನನ್ನ ಹತ್ತಿರ. ತಡವಾಗಿ ಬಂದ, ಅಂಗಿಗೆಲ್ಲ ಗ್ರೀಸು ಮೆತ್ತಿಕೊಂಡಿತ್ತು. ಏನೋ ಹೇಳಿ ಸಾಗಹಾಕಿದೆ. ಅವಳು ಅವನ ಶೆಡ್ಡಿಗೇ ಹೋಗಿ, ಲಾರಿಯೊಳಗೆ ನಡುಗುತ್ತ ಕೂತು ನೋಡಿ ಬಂದಳು.

ಹೊಟ್ಟೆ ಉರಿಯುತ್ತಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಆಮೇಲೆ ಅವಳೇ ಬಂದು, "ಸಾರ್, ನೀವು ಬೇಡ ಅಂದಿದ್ದಕ್ಕೇ ನನಗೆ ಸಿಕ್ಕಿದ್ದು, ಥ್ಯಾಂಕ್ಸ್" ಅಂದಳು. ಆ ಮಾತಿನಲ್ಲಿ ಒಂದಿಷ್ಟಾದರೂ ಕುಹಕವಿದ್ದಿದ್ದರೆ ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಇರಲಿಲ್ಲ.

ಆ ಲಾರಿಗಳೆಲ್ಲ ನಡುದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ಈಗಷ್ಟೇ ಬರೆದು, ಹೊಡೆದುಹಾಕಿದೆ. ಒಳ್ಳೆಯತನದಿಂದಲ್ಲ. ಈ ಸಲದ ನನ್ನ ಬೋನಸ್ಸೂ ಅವುಗಳಲ್ಲೇ ಬರುತ್ತಿದೆ.