ಪೈಪಿನ ಬಾಯಿಗೆ ಕಂಬಳಿ

ಕನಕ,

ಕಾರಿನ ಕೀ ಹುಡುಕಬೇಡ, ಕೀಯನ್ನು ನಾನೇ ಡ್ಯೂಟಿಗೆ ತೆಗೆದುಕೊಂಡು ಹೋಗುತ್ತಿದ್ದೇನೆ, ಕಾರು ಮನೆಯಲ್ಲೇ ಇದೆ. ತಂಗಿ ಲತಾಳನ್ನು ದುರ್ಗದ ಆಸ್ಪತ್ರೆಗೆ ಟ್ಯಾಕ್ಸಿಯಲ್ಲೇ ಕರೆದುಕೊಂಡು ಹೋಗು. ಹೇಳಿದ್ದೇನೆ, ಹತ್ತಕ್ಕೆ ಬರುತ್ತದೆ.

ನಿನ್ನೆ ಏರಿನಲ್ಲಿ ಎಷ್ಟು ಎಕ್ಸಿಲೇಟರ್ ಒತ್ತಿದರೂ ಕಾರು ಎಳೆಯಲಿಲ್ಲ, ಹಿಂದಕ್ಕೆ ಜಾರಿತು. ಹಿಂದೆಯೇ ಅದಿರು ಲಾರಿ. ಬ್ರೇಕ್ ಹಿಡಿಯಿತು, ಬದುಕಿದೆವು. ಲತಾ ನಿನಗೆ ಹೇಳಿರಲಿಕ್ಕಿಲ್ಲ. ತುಂಬು ಬಸುರಿ, ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

ಬೆಳಿಗ್ಗೆ ಬಾನೆಟ್ ಎತ್ತಿದೆ. ಇಂಜಿನ್ನಿಗೆ ಗಾಳಿ ಹೋಗುವ ಪೈಪಿನ ಬಾಯಿಗೆ ಕಂಬಳಿ ತುಂಡು ಬಿಗಿದು ಕಟ್ಟಿತ್ತು. ಕುರಿ ಕಟ್ಟುವ ಗಂಟು, ಅಪ್ಪನದೇ. ಕೇಳಿದರೆ, "ಹಟ್ಟಿ ದಾರಿ ದೂಳು ಒಳಗೆ ಹೋಗಬಾರ್ದು ಅಂತ ಕಟ್ಟೀನವ್ವ, ಉಸಿರು ಕಟ್ತೈತೆ ಅಂತ ನಂಗೇನು ಗೊತ್ತು?" ಅಂದ. ಬಯ್ಯಲು ಮನಸ್ಸು ಬರಲಿಲ್ಲ. ನೀನೂ ಬಯ್ಯಬೇಡ.

ಅದನ್ನು ಬಿಚ್ಚಿ ಎಸೆದೆ. ಆದರೂ ಮೆಕ್ಯಾನಿಕ್ ಬಂದು ಅಡಿಯಿಂದ ಮುಡಿಯವರೆಗೆ ನೋಡುವ ತನಕ ಆ ಕಾರನ್ನು ಯಾರೂ ಮುಟ್ಟುವುದು ಬೇಡ. ಬೇರೆಲ್ಲೂ ಕಟ್ಟಿಲ್ಲ ತಾನೇ ಎಂದು ಅಪ್ಪನನ್ನು ಕೇಳಿದೆ. ಅದಕ್ಕೆ ಹೇಳಿದ:

"ಕೆಳಗೂ ಒಂದು ಕಟ್ಟಿದ್ದೆ ಕಣವ್ವ. ಎಲ್ಲಿಗೆ ಅಂತ ನೆಪ್ಪಿಲ್ಲ."

ಯಶೋದಕ್ಕ